ಗರಿಗರಿ ಗೆದ್ದ ಮೊಕದ್ದಮೆ

ನ್ಯಾಯಾಲಯದ ಹಿಂಬದಿಯ ಬೀದಿಯಲ್ಲಿ, ಛಾಪಾಕಾಗದ ಮಾರುವವನ ಮಳಿಗೆಗೂ ಬೀಗ ರಿಪೇರಿಯವನ ಮಳಿಗೆಗೂ ನಡುವೆ, ಒಂದು ಇಸ್ತ್ರಿ ಅಂಗಡಿ ಇದೆ. ಅದು ಅಂಗಡಿಯೂ ಹೌದು, ಮನೆಯೂ ಹೌದು. ಮುಂದಿನ ಕೋಣೆಯಲ್ಲಿ ಉದ್ದನೆಯ ಮೇಜು, ಮೇಜಿನ ಮೇಲೆ ಕಂಬಳಿ, ಕಂಬಳಿಯ ಮೇಲೆ ಅಲ್ಲಲ್ಲಿ ಸುಟ್ಟು ಕಂದಿದ ಬಿಳಿಯ ಬಟ್ಟೆ. ಹಿಂದಿನ ಕೋಣೆಯಲ್ಲಿ ಒಲೆ, ಗಂಜಿ ಕಾಯಿಸುವ ಪಾತ್ರೆ, ಮೂವರು ಮಲಗುವಷ್ಟು ಜಾಗ. ಗೋಡೆಯುದ್ದಕ್ಕೂ ಕಬ್ಬಿಣದ ಸರಳಿಗೆ ಕರಿಯ ಕೋಟುಗಳು, ಕರಿಯ ಗೌನುಗಳು ನೇತಾಡುತ್ತವೆ. ಬಾಗಿಲಲ್ಲಿ ನಿಂತು ನೋಡಿದರೆ ಊರಿನ ವಕೀಲರೆಲ್ಲ ತಲೆಗಳನ್ನು ಬೇರೆಲ್ಲೋ ಬಿಟ್ಟು ಬಂದು ಸಾಲಾಗಿ ನಿಂತ ಹಾಗೆ ಕಾಣುತ್ತದೆ. ಆ ಕೋಣೆಯಲ್ಲಿ ಬೆಳೆದ ನನ್ನ ಶಿಷ್ಯೆಯೊಬ್ಬಳ ಕಥೆ ಇದು.

ಮಕ್ಕಳು ಅಡ್ಡಹೆಸರಿಡುವುದರಲ್ಲಿ ಬಲು ಜಾಣರು. ಹೆತ್ತವರಿಟ್ಟ ಹೆಸರು ಹಾಜರಿ ಕೂಗುವಾಗ ಮಾತ್ರ ಬದುಕಿರುತ್ತದೆ. ಈ ಹುಡುಗಿ ನಮ್ಮ ಶಾಲೆಗೆ ಬಂದ ಮೊದಲ ವಾರವೇ 'ಗರಿಗರಿ' ಆದಳು. ಸಮವಸ್ತ್ರ ಯಾರೋ ಹಾಕಿ ಬಿಟ್ಟದ್ದು, ಮೊಣಕೈಯಲ್ಲಿ ತೇಪೆ ಬೇರೆ. ಆದರೆ ಇಸ್ತ್ರಿಯ ಗೆರೆ ಮುಟ್ಟಿದರೆ ಬೆರಳು ಕೊಯ್ದೀತು ಅನ್ನುವ ಹಾಗಿರುತ್ತಿತ್ತು. ಬಿಡುವಿನ ವೇಳೆಯಲ್ಲಿ ಎಲ್ಲರೂ ಕುಳಿತರೂ ಅವಳು ಕುಳಿತುಕೊಳ್ಳುತ್ತಿರಲಿಲ್ಲ.

"ಯಾಕಮ್ಮ ನಿಂತೇ ಇದ್ದೀಯ?" ಎಂದು ಒಮ್ಮೆ ಕೇಳಿದೆ.

"ಕೂತ್ರೆ ಮಡಿಕೆ ಕೆಡತ್ತೆ ಮೇಷ್ಟ್ರೆ. ಅತ್ತೆ ಬೈತಾಳೆ."

ಅತ್ತೆಯೆಂದರೆ ಅವಳ ತಂದೆಯ ಅಕ್ಕ. ತಾಯಿಯಿಲ್ಲದ ಆ ಮನೆಯ ಯಜಮಾನಿ. ಗಂಜಿಯ ಹದವೂ ಬೈಗಳ ಹದವೂ ಆಕೆಯ ಕೈಯಲ್ಲಿದ್ದವು. ತಂದೆ ಮಾತು ಕಡಿಮೆಯ ಮನುಷ್ಯ. ಓದು ಬರಹ ಬಾರದು. ವಕೀಲರ ಕೋಟಿನ ಜೇಬುಗಳಲ್ಲಿ ಏನಾದರೂ ಉಳಿದೇ ಇರುತ್ತಿತ್ತು: ಒಂದು ಪೆನ್ನು, ಬಸ್ಸಿನ ಚೀಟಿ, ಹಲ್ಲುಕಡ್ಡಿ, ನಾಲ್ಕಾಗಿ ಮಡಿಸಿದ ಕಾಗದ. ಕಾಗದ ಸಿಕ್ಕಿದರೆ ಆತ ಮಗಳನ್ನು ಕರೆಯುತ್ತಿದ್ದ. "ಓದು ಮಗಳೇ, ಯಾರದು ಅಂತ ಗೊತ್ತಾಗಲಿ. ಒಬ್ಬರದು ಇನ್ನೊಬ್ಬರಿಗೆ ಹೋದ್ರೆ ನಮ್ಮ ತಲೆ ಹೋಗತ್ತೆ." ಅವಳು ಓದಿ ಹೇಳುವಳು, ಆತ ಆ ಕಾಗದವನ್ನು ಮತ್ತೆ ಹಾಗೆಯೇ ಮಡಿಸಿ, ಇಸ್ತ್ರಿಯಾದ ಕೋಟಿನ ಅದೇ ಜೇಬಿನಲ್ಲಿ ಇಡುವನು. ಆ ಮನೆಯ ಪ್ರಾಮಾಣಿಕತೆ ಅಷ್ಟು ಸರಳವಾಗಿತ್ತು.

ಹೀಗೆ ಓದಿದ ಮಾತುಗಳನ್ನು ಅವಳು ತರಗತಿಗೆ ತರುತ್ತಿದ್ದಳು. ನಾನು ಮಳೆಯ ಮೇಲೊಂದು ಪದ್ಯ ಹೇಳುತ್ತಿದ್ದರೆ ನಡುವೆ ಎದ್ದು, "ಮೇಷ್ಟ್ರೆ, ತಡೆಯಾಜ್ಞೆ ಅಂದ್ರೇನು?" ಎನ್ನುವಳು. ಮಕ್ಕಳು ಹೋ ಎಂದು ನಗುವರು. ನಾನು ಮನೆಗೆ ಹೋಗಿ ನಿಘಂಟು ನೋಡಿಕೊಂಡು ಮರುದಿನ ಹೇಳುವೆನು. ಆ ವಯಸ್ಸಿಗೇ ಅವಳು ಮುಂದೆ ಏನಾಗಬೇಕೆಂಬುದು ಬೀದಿಗೆಲ್ಲ ಗೊತ್ತಿತ್ತು.

ಹಗಲು ಇಸ್ತ್ರಿ, ಸಂಜೆ ಕಾಲೇಜು. ಕಾನೂನು ಪದವಿ ಮುಗಿಸಿದಳು. ಒಳ್ಳೆಯ ಅಂಕಗಳೇ ಬಂದವು. ಅತ್ತೆ ಬೀದಿಗೆಲ್ಲ ಸಕ್ಕರೆ ಹಂಚಿ, "ನಾಳೆಯಿಂದ ನಮ್ಮ ಹುಡುಗಿ ವಕೀಲಿ!" ಎಂದು ಸಾರಿಬಿಟ್ಟಳು. ನಾಳೆ ಬಂತು, ವಕೀಲಿ ಬರಲಿಲ್ಲ. ಪದವಿ ಬೇರೆ, ವಕೀಲಿಕೆ ಬೇರೆ. ನಡುವೆ ಒಂದು ತರಬೇತಿ ಶಾಲೆ ಇತ್ತು. ಅದರ ಹೊಸ್ತಿಲು ದಾಟದೆ ಯಾರೂ ಗೌನು ತೊಡುವಂತಿರಲಿಲ್ಲ.

ಆ ಹೊಸ್ತಿಲಿಗೆ ಇದ್ದ ನಿಯಮಗಳನ್ನು ನಾನೂ ಅವಳೊಡನೆ ಕುಳಿತು ಓದಿದ್ದೇನೆ. ಅಂಕ ಇಷ್ಟಿರಬೇಕು, ದೇಹ ಗಟ್ಟಿಯಿರಬೇಕು. ಹಿರಿಯ ವಕೀಲರೊಬ್ಬರು 'ಇವಳನ್ನು ನನ್ನ ಕೈಕೆಳಗೆ ತೆಗೆದುಕೊಳ್ಳುತ್ತೇನೆ' ಎಂದು ಒಪ್ಪಿರಬೇಕು. ಅಭ್ಯರ್ಥಿ ಬೇರೆ ಯಾವ ಕಸುಬನ್ನೂ ಮಾಡುವುದಿಲ್ಲವೆಂದು ಪ್ರಮಾಣ ಮಾಡಬೇಕು. ಆ ಹಿರಿಯ ವಕೀಲರೂ, ಬಾಲ್ಯದಿಂದ ಬಲ್ಲ ಒಬ್ಬ ಉಪಾಧ್ಯಾಯರೂ ನಡತೆಗೆ ಸಹಿ ಹಾಕಿ, ಸಂದರ್ಶನದ ದಿನ ಖುದ್ದಾಗಿ ಹಾಜರಿರಬೇಕು. ಇಷ್ಟೆಲ್ಲವೂ ಪದವಿ ಬಂದ ಐದು ವರ್ಷದೊಳಗೆ ಆಗಬೇಕು. ತಪ್ಪಿದರೆ ಪದವಿ ತರಬೇತಿಗೆ ಸಲ್ಲುವುದಿಲ್ಲ.

"ಪದವಿ ಅಂದ್ರೆ ಏನು ಹಾಲಾ, ಒಡೆದು ಹೋಗೋಕೆ?" ಎಂದು ಅತ್ತೆ ಕೇಳಿದಳು.

"ಒಡೆಯಲ್ಲ ಅತ್ತೆ, ಹಳಸತ್ತೆ," ಎಂದಳು ಗರಿಗರಿ.

ಹಳಸುತ್ತಲೇ ಬಂತು. ಅವಳನ್ನು ಒಪ್ಪುವ ಹಿರಿಯರೇ ಸಿಗಲಿಲ್ಲ. ಯಾರ ಕಚೇರಿಗೆ ಹೋದರೂ ಅವರ ಮೈಮೇಲೆ ಅವಳೇ ಇಸ್ತ್ರಿ ಮಾಡಿದ ಕೋಟು. ಕೂರಿಸಿ ಚಹಾ ಕೊಡುವರು, ನಗುವರು. "ನೀನು ಇತ್ತ ಬಂದ್ರೆ ನಮ್ಮ ಕೋಟಿಗೆ ಇಸ್ತ್ರಿ ಯಾರಮ್ಮ ಮಾಡ್ತಾರೆ?" ಎಂದು ಒಬ್ಬರು ಹೇಳಿದರು, ಆ ನಗೆಮಾತು ಊರೆಲ್ಲ ತಿರುಗಿ ಬೇರೆಯವರ ಬಾಯಲ್ಲೂ ಬಂತು. ಒಂದು ವರ್ಷ ತಂದೆ ಕಾಯಿಲೆ ಬಿದ್ದ. ಆ ವರ್ಷ ಅವಳು ಇಸ್ತ್ರಿ ಪೆಟ್ಟಿಗೆ ಕೆಳಗಿಡಲಿಲ್ಲ. ಕೊನೆಯ ವರ್ಷ, ಅವಧಿ ಮುಗಿಯುವ ಮುನ್ನ ಒಂದೇ ಒಂದು ಸಂದರ್ಶನ ಉಳಿದಿದ್ದಾಗ, ದಪ್ಪ ಕನ್ನಡಕದ ವಕೀಲರೊಬ್ಬರು ಒಪ್ಪಿದರು. ಕೊರಳಪಟ್ಟಿ ಸ್ವಲ್ಪ ಬಾಗಿದರೂ ಸಿಡುಕುವ ಗಿರಾಕಿ ಅವರು. ಆದರೂ ಒಪ್ಪಿದರು. ಅವರನ್ನು ದೇವರೆಂದೇ ಆ ಮನೆಯವರು ತಿಳಿದರು.

ಪ್ರಮಾಣ ಮಾಡಿ ಬಂದ ದಿನ ಅಭ್ಯಾಸಬಲದಿಂದ ಅವಳು ಪೆಟ್ಟಿಗೆಗೆ ಕೈ ಹಾಕಿದಳು. ಮಾತೇ ಆಡದ ತಂದೆ ಅಂದು ಕೈ ಹಿಡಿದು, "ಮುಟ್ಟಿದ್ರೆ ನ್ಯಾಯಾಲಯ ನಿಂದನೆ!" ಎಂದ. ಆತ ನಗೆಯಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸಂದರ್ಶನದ ಕೋಣೆ ಉದ್ದವಾಗಿತ್ತು. ಮೇಜಿನ ಆಚೆ ಅಧ್ಯಕ್ಷರು ಮತ್ತು ನಾಲ್ಕಾರು ಹಿರಿಯರು. ಈಚೆ ಅಭ್ಯರ್ಥಿ ನಿಲ್ಲಲು ಒಂದು ಕಟಕಟೆ. ಹಿಂದೆ ನಮ್ಮಂಥವರಿಗೆ ಬೆಂಚು. ಆ ಶಾಲೆಯಲ್ಲಿ ಹಳೆಯ ಪದ್ಧತಿಯೊಂದಿತ್ತು. ಅಭ್ಯರ್ಥಿಯನ್ನು ಪ್ರಶ್ನೆ ಕೇಳುತ್ತಿರಲಿಲ್ಲ. 'ನಿಮ್ಮನ್ನು ಏಕೆ ಸೇರಿಸಿಕೊಳ್ಳಬಾರದು? ವಾದಿಸಿ' ಎನ್ನುತ್ತಿದ್ದರು. ಎದುರು ಪಕ್ಷದ ಬಲವನ್ನು ತಿಳಿಯದವನು ವಕೀಲನಲ್ಲ ಎಂಬುದು ಅದರ ತಾತ್ಪರ್ಯವಂತೆ. ಅಭ್ಯರ್ಥಿ ತನ್ನ ವಿರುದ್ಧ ತಾನೇ ವಾದಿಸಬೇಕು. ಅವನನ್ನು ಒಪ್ಪಿದ ಹಿರಿಯರು ಎದ್ದು ಉತ್ತರ ಹೇಳಬೇಕು. ಉತ್ತರ ಸರಿಯೆನಿಸಿದರೆ ಪ್ರವೇಶ.

ಗರಿಗರಿ ಇದಕ್ಕಾಗಿ ತಿಂಗಳುಗಟ್ಟಲೆ ಸಿದ್ಧಳಾಗಿದ್ದಳು. ಬೆಂಚಿನ ಮೇಲೂ ನೆಟ್ಟಗೆ ಕುಳಿತಿದ್ದಳು, ಬೆನ್ನು ತಾಗದಂತೆ.

ಅವಳಿಗಿಂತ ಮೊದಲು ಒಬ್ಬ ತರುಣ ಎದ್ದ. ಮೂರು ತಲೆಮಾರಿನ ವಕೀಲರ ಮನೆಯವನು. "ಮಾನ್ಯರೇ, ಈ ಅಭ್ಯರ್ಥಿಗೆ ಬೆಳಿಗ್ಗೆ ಎಚ್ಚರವಾಗೋದಿಲ್ಲ. ಮಹಾ ನಿದ್ದೆಬುರುಕ," ಎಂದು ತಲೆ ತಗ್ಗಿಸಿದ. ಅವನ ಹಿರಿಯರು ಎದ್ದು, "ನ್ಯಾಯಾಲಯ ತೆರೆಯೋದೇ ಹನ್ನೊಂದಕ್ಕೆ ಸ್ವಾಮಿ. ಆಮೇಲೂ ಅಲ್ಲಿ ನಿದ್ದೆಗೆ ಅಡ್ಡಿಯಿಲ್ಲ," ಎಂದರು. ಮೇಜಿನ ಆಚೆ ಗೊಳ್ಳೆಂದು ನಕ್ಕರು. ಪ್ರವೇಶ ಸಿಕ್ಕಿತು. ಇನ್ನೊಬ್ಬಳು ಬಂದು ತನ್ನ ಅಕ್ಷರ ಕೋಳಿಕಾಲಿನ ಹಾಗಿದೆ ಎಂದಳು. "ವೈದ್ಯರು ಬದುಕಿಲ್ವೇ?" ಎಂದರು ಅವಳ ಹಿರಿಯರು. ಮತ್ತೆ ನಗು, ಮತ್ತೆ ಪ್ರವೇಶ.

ಗರಿಗರಿ ನನ್ನ ಕಿವಿಯ ಬಳಿ ಬಾಗಿ, "ಪಾಪ ಮೇಷ್ಟ್ರೆ," ಎಂದು ಪಿಸುಗುಟ್ಟಿದಳು, "ಇವರಿಗೆ ಯಾರೂ ವಾದ ಮಾಡೋದು ಹೇಳ್ಕೊಟ್ಟೇ ಇಲ್ಲ."

ಅವಳ ಸರದಿ ಬಂತು. ಕಟಕಟೆಯಲ್ಲಿ ನಿಂತು ಕೈಮುಗಿದಳು. ತರಗತಿಯಲ್ಲಿ ಎದ್ದು ನಿಲ್ಲುತ್ತಿದ್ದ ಅದೇ ನಿಲುವು.

"ಮಾನ್ಯರೇ, ಈ ಅಭ್ಯರ್ಥಿಯನ್ನು ಸೇರಿಸಿಕೊಳ್ಳಬಾರದು. ವಕೀಲ ವೃತ್ತಿ ನಿಂತಿರುವುದು ಒಂದು ನಂಬಿಕೆಯ ಮೇಲೆ. ಕಕ್ಷಿದಾರ ಹೇಳಿದ್ದು ವಕೀಲನ ಹೊಟ್ಟೆಯಲ್ಲೇ ಉಳಿಯಬೇಕು. ಈ ಅಭ್ಯರ್ಥಿ ಇಸ್ತ್ರಿ ಅಂಗಡಿಯವಳು. ಚಿಕ್ಕಂದಿನಿಂದ ಇವಳು ವಕೀಲರ ಕೋಟಿನ ಜೇಬಿನಲ್ಲಿ ಸಿಕ್ಕ ಕಾಗದಗಳನ್ನು ಓದಿದ್ದಾಳೆ. ಅವು ಇವಳದಲ್ಲ. ಓದಲು ಅವುಗಳ ಒಡೆಯರು ಅಪ್ಪಣೆ ಕೊಟ್ಟಿರಲಿಲ್ಲ. ಯಾರ ಮನೆ ಹರಾಜಿಗೆ ಬಂದಿದೆ, ಯಾರು ಯಾರೊಡನೆ ಗುಟ್ಟಾಗಿ ರಾಜಿಗೆ ಬಂದಿದ್ದಾರೆ, ಎಲ್ಲ ಇವಳು ಓದಿದ್ದಾಳೆ. ಯಾರಿಗೂ ಹೇಳಿಲ್ಲ ಎಂದು ಇವಳು ಹೇಳಬಹುದು. ಅದಕ್ಕೆ ಇವಳ ಮಾತಲ್ಲದೆ ಬೇರೆ ಸಾಕ್ಷಿ ಏನಿದೆ? ಇಂಥವಳ ಕೈಗೆ ನಾಳೆ ಕಕ್ಷಿದಾರರ ಕಡತ ಕೊಡುವುದು ಹೇಗೆ?"

ತಂದೆಗೆ ಓದು ಬಾರದೆಂದು ಅವಳು ಹೇಳಲಿಲ್ಲ. ಕಾಗದ ಒಡೆಯನಿಗೇ ತಲುಪಲೆಂದು ಓದಿದ್ದೆಂದೂ ಹೇಳಲಿಲ್ಲ. ಅದು ಉತ್ತರಪಕ್ಷ, ಅದನ್ನು ಅವಳ ಹಿರಿಯರು ಎದ್ದು ಹೇಳಬೇಕಾದದ್ದು. ಅದಕ್ಕೆಂದೇ ಅವಳು ಆ ಜಾಗವನ್ನು ಅಚ್ಚುಕಟ್ಟಾಗಿ ಬಿಟ್ಟಿದ್ದಳು. ಅವರಿಗೆ ಆ ಸಂಗತಿ ಗೊತ್ತಿತ್ತು. ಎಷ್ಟೋ ಸಲ ಅಂಗಡಿಯ ಮುಂದೆ ನಿಂತು, "ಆ ಕಾಗದ ನಂದೇ, ಇತ್ತ ಕೊಡಮ್ಮ," ಎಂದು ತೆಗೆದುಕೊಂಡು ಹೋದವರು.

ಕೋಣೆಯಲ್ಲಿ ಯಾರೂ ನಗಲಿಲ್ಲ. ಮೇಜಿನ ಆಚೆ ಒಬ್ಬರ ಕೈ ತಾನಾಗಿಯೇ ಕೋಟಿನ ಜೇಬಿಗೆ ಹೋಯಿತು. ಪಕ್ಕದವರದೂ ಹೋಯಿತು. ಎಲ್ಲರೂ ಆ ಅಂಗಡಿಯ ಗಿರಾಕಿಗಳೇ ತಾನೆ.

"ಭೇಷ್!" ಎಂದರು ಅಧ್ಯಕ್ಷರು. "ಈ ಕೋಣೆಯಲ್ಲಿ ಇಂಥ ವಾದ ನಾನು ಕೇಳೇ ಇಲ್ಲ. ಈಗ ಅಭ್ಯರ್ಥಿಯ ಪರವಾಗಿ ಯಾರು ಮಾತಾಡ್ತೀರಿ?"

ಕನ್ನಡಕದ ವಕೀಲರು ಎದ್ದರು. ಅವರ ಕೈಯೂ ಜೇಬಿನ ಮೇಲಿತ್ತು. ಒಮ್ಮೆ ಅವಳ ಕಡೆ ನೋಡಿದರು, ಒಮ್ಮೆ ಮೇಜಿನ ಕಡೆ. ಕನ್ನಡಕ ತೆಗೆದು ಒರೆಸಿದರು.

"ನನ್ನ ಹತ್ತಿರ ಉತ್ತರ ಇಲ್ಲ," ಎಂದು ಕುಳಿತರು.

ನಾನು ಎದ್ದೆ. "ಸ್ವಾಮಿ, ಆ ಹುಡುಗಿಯ ಅಪ್ಪನಿಗೆ ಅಕ್ಷರ ಬಾರದು. ಯಾರ ಕಾಗದ ಅಂತ ತಿಳಿಯೋಕೆ ಅವನೇ ಓದಿಸ್ತಿದ್ದ..."

"ಮೇಷ್ಟ್ರೆ, ಇದು ನಿಮ್ಮ ಶಾಲೆಯಲ್ಲ. ನೀವು ಬಂದಿರೋದು ಗುರುತು ಹಿಡಿಯೋಕೆ. ಗುರುತು ಹಿಡಿದಿರಲ್ಲ, ಕೂತ್ಕೊಳ್ಳಿ." ಅಧ್ಯಕ್ಷರು ಅವಳ ಕಡೆ ತಿರುಗಿ ಅಕ್ಕರೆಯ ದನಿಯಲ್ಲೇ ಹೇಳಿದರು: "ಅಮ್ಮಾ, ನೀನು ಗೆದ್ದೆ. ಮೊದಲನೇ ಮೊಕದ್ದಮೆಯಲ್ಲೇ ಗೆದ್ದೆ."

ಅವಳ ಮುಖ ಅರಳಿತು. ಪ್ರವೇಶ ಸಿಕ್ಕಿತೆಂದೇ ತಿಳಿದು ಹಿಂದಕ್ಕೆ ತಿರುಗಿ ನನ್ನನ್ನು ನೋಡಿ ನಕ್ಕಳು. ಎಷ್ಟೋ ಮಕ್ಕಳ ನಗು ನಾನು ಮರೆತಿದ್ದೇನೆ. ಆ ನಗುವನ್ನು ಮರೆಯಲಾಗಲಿಲ್ಲ. ಅಧ್ಯಕ್ಷರು ಮುಗಿಸಿರಲಿಲ್ಲ.

"ಅಂದ್ರೆ ಅಭ್ಯರ್ಥಿ ಸೋತಳು. ಮುಂದಿನವರನ್ನ ಕರೀರಿ."

ಹೊರಗೆ ಮೆಟ್ಟಿಲ ಮೇಲೆ ಕನ್ನಡಕದ ವಕೀಲರು ನಮಗಿಂತ ಮೊದಲೇ ಇಳಿದು ಹೋಗುತ್ತಿದ್ದರು. ಅವಳು ಓಡಿ ಹೋಗಿ ಅಡ್ಡ ನಿಂತಳು.

"ನಿಮಗೆ ಉತ್ತರ ಗೊತ್ತಿತ್ತಲ್ಲ ಸಾರ್?"

"ಗೊತ್ತಿದ್ರೆ? ಎದ್ದು ಹೇಳಿದ್ರೆ, 'ನಿನ್ನ ಜೇಬಲ್ಲಿ ಏನಿತ್ತಯ್ಯಾ' ಅಂತ ಅವರು ಕೇಳ್ತಿರಲಿಲ್ವಾ?" ಅವರಿಗೆ ಸಿಟ್ಟೇ ಬಂದಿತ್ತು. "ಅಲ್ಲಮ್ಮ, ನಿದ್ದೆ ಜಾಸ್ತಿ, ಮರೆವು ಜಾಸ್ತಿ, ಏನೋ ಒಂದು ಹೇಳಿ ಬರೋದಪ್ಪ. ಎಲ್ಲರೂ ಹಾಗೇ ಮಾಡೋದು. ಅದನ್ನೂ ಹೇಳ್ಕೊಡಬೇಕಾ?"

ಅದು ನಿಯಮಗಳಲ್ಲಿ ಬರೆದಿರಲಿಲ್ಲ. ವಕೀಲರ ಮನೆಯ ಮಕ್ಕಳು ಊಟಕ್ಕೆ ಕುಳಿತಾಗ ಕೇಳಿ ತಿಳಿಯುವ ಸಂಗತಿ ಅದು. ಅವಳ ಮನೆಯಲ್ಲಿ ಊಟದ ಹೊತ್ತಿಗೆ ಗಂಜಿಯ ಮಾತು ಬರುತ್ತಿತ್ತು.

ಮರುದಿನ ಅಂಗಡಿಯ ಬಾಗಿಲು ತೆರೆಯುವ ಮೊದಲೇ ವಕೀಲರ ಗುಮಾಸ್ತರು ನೆರೆದಿದ್ದರು. ಎಲ್ಲರಿಗೂ ಕೋಟು ವಾಪಸು ಬೇಕು. "ಇನ್ನೂ ಹಸಿ ಇದೆ ಸ್ವಾಮಿ," ಎಂದು ತಂದೆ ಹೇಳುತ್ತಿದ್ದ. "ಇರಲಿ, ಕೊಡು." ಒಂದು ತೋಳಿಗೆ ಇಸ್ತ್ರಿಯಾಗಿ ಇನ್ನೊಂದಕ್ಕೆ ಆಗದ ಕೋಟನ್ನೂ ಕಿತ್ತುಕೊಂಡು ಹೋದರು. ನಾನು ಹೋದಾಗ ಕಬ್ಬಿಣದ ಸರಳು ಬರಿದಾಗಿತ್ತು. ತಂದೆ ಅದನ್ನೇ ನೋಡುತ್ತ ಕುಳಿತಿದ್ದ. ಅವಳನ್ನು ಒಂದು ಮಾತೂ ಅನ್ನಲಿಲ್ಲ. ಅನ್ನುವ ಕೆಲಸ ಅತ್ತೆಯದು.

"ಬಾಯಿದ್ದವಳು ಬರಗಾಲದಲ್ಲೂ ಬದುಕ್ತಾಳೆ ಅಂತಿದ್ದೆ. ಬಾಯಿಂದಾನೇ ಬರಗಾಲ ತಂದಳಲ್ಲ ಮೇಷ್ಟ್ರೆ! ಹಗ್ಗ ಕೊಟ್ಟು ಕೈ ಕಟ್ಟಿಸ್ಕೊಳ್ಳೋರನ್ನ ಕಂಡಿದ್ದೆ. ಇವಳು ಗಂಟು ಹಾಕೋದನ್ನೂ ತಾನೇ ಹೇಳ್ಕೊಟ್ಟು ಬಂದಿದ್ದಾಳೆ."

"ಅತ್ತೆ, ಸಾಕು."

"ಸಾಕಂತೆ! ಅಲ್ಲಿ ಸಾಕು ಅನ್ನೋಕೆ ಬರಲಿಲ್ವಾ ನಿಂಗೆ?"

ಆ ವರ್ಷ ಮುಗಿಯಿತು. ಅದರೊಡನೆ ಅವಳ ಪದವಿಯ ಅವಧಿಯೂ ಮುಗಿಯಿತು. ಅಷ್ಟು ಕಾಲವೂ ಆ ಮೇಜಿನ ಮೇಲೆ ಛಾಪಾಕಾಗದದವನ ಅಂಗಿ, ಬೀಗದವನ ಅಂಗಿ, ನನ್ನ ಅಂಗಿ ಇಷ್ಟೇ. ಮನೆಯಲ್ಲಿ ಒಂದು ಹೊತ್ತಿನ ಒಲೆ.

ವಕೀಲರು ಮರಳಿ ಬಂದರು, ಆದರೆ ಕರುಣೆಯಿಂದಲ್ಲ. ಬೇರೆ ಅಂಗಡಿಗಳಲ್ಲಿ ಅವರ ಬಿಳಿಯ ಕೊರಳಪಟ್ಟಿಗಳು ಮಧ್ಯಾಹ್ನದ ಹೊತ್ತಿಗೆ ಬಾಡಿದ ಸೊಪ್ಪಿನಂತೆ ಜೋತುಬೀಳುತ್ತಿದ್ದವು. ಅತ್ತೆಯ ಗಂಜಿಗೆ ಬದಲಿ ಸಿಗಲಿಲ್ಲ. ಬಂದವರು ಎರಡು ಷರತ್ತು ಹಾಕಿದರು. ಹುಡುಗಿ ಮುಂದಿನ ಕೋಣೆಯಲ್ಲಿ ಕಾಣಿಸಿಕೊಳ್ಳಬಾರದು. ಕೋಟು ಕೊಡುವಾಗ ಜೇಬುಗಳನ್ನು ನಾವೇ ಹೊರಗೆಳೆದು ಕೊಡುತ್ತೇವೆ, ಹಾಗೆಯೇ ನೇತುಹಾಕಬೇಕು. ತಂದೆ ಎರಡಕ್ಕೂ ತಲೆಯಾಡಿಸಿದ. ಅಂದಿನಿಂದ ಆ ಗೋಡೆಯ ಮೇಲೆ ಕರಿಯ ಕೋಟುಗಳು ಬಿಳಿಯ ಜೇಬುಗಳನ್ನು ನಾಲಿಗೆಯ ಹಾಗೆ ಎರಡು ಬದಿಗೂ ಚಾಚಿಕೊಂಡು ನೇತಾಡತೊಡಗಿದವು. ಒಳಗಿನಿಂದ ಅವಳಿಗೆ ಅವು ಕಾಣುತ್ತಿದ್ದವು. ಮುಟ್ಟುವುದಿಲ್ಲವೆಂದು ಪ್ರಮಾಣ ಮಾಡಿದ್ದ ಪೆಟ್ಟಿಗೆಯನ್ನು ಅವಳು ಹಿಂದಿನ ಕೋಣೆಯಲ್ಲಿ ಮತ್ತೆ ಹಿಡಿದಳು.

ಕನ್ನಡಕದ ವಕೀಲರು ಮಾತ್ರ ಬಹಳ ದಿನ ಬರಲಿಲ್ಲ. ಕೆಲವು ವರ್ಷಗಳ ಮೇಲೆ ಬಂದವರು ಕೋಟು ತಂದಿರಲಿಲ್ಲ. ಮಗಳನ್ನು ಕರೆದುಕೊಂಡು ಬಂದಿದ್ದರು. ನಾನು ಒಳಗಿನ ಕೋಣೆಯಲ್ಲಿ ಅತ್ತೆಯೊಡನೆ ಮಾತನಾಡುತ್ತ ಕುಳಿತಿದ್ದೆ. ಅವರು ಒಳಬಾಗಿಲಲ್ಲೇ ನಿಂತು, ತಗ್ಗಿದ ದನಿಯಲ್ಲಿ ಗರಿಗರಿಗೆ, "ಇವಳೂ ಕಾನೂನು ಮುಗಿಸಿದ್ದಾಳೆ. ಸಂದರ್ಶನ ಹತ್ತಿರ ಬಂತು. ಎಷ್ಟು ಹೇಳಿದ್ರೂ ನಿನ್ನ ಹಾಗೇ ವಾದಕ್ಕೆ ನಿಂತ್ಬಿಡ್ತಾಳಮ್ಮ. ನಿನಗಾದ ಗತಿ ಇವಳಿಗೆ ಆಗಬಾರದು. ಸ್ವಲ್ಪ ತಿದ್ದಿ ಕೊಡು," ಎಂದರು.

ಅತ್ತೆ ಸೌಟು ಹಿಡಿದೇ ಎದ್ದಳು. "ಉರಿಯೋ ಮನೇಲಿ ಬೀಡಿ ಹಚ್ಕೊಳ್ಳೋಕೆ ಬಂದ್ರಾ?"

"ನಮ್ಮ ಕಚೇರಿಯ ಬಟ್ಟೆಯೆಲ್ಲ ಇಲ್ಲಿಗೇ ಕಳಿಸ್ತೀನಿ," ಎಂದರು ಅವರು.

ಮುಂದಿನ ಕೋಣೆಯಲ್ಲಿ ತಂದೆಯ ಪೆಟ್ಟಿಗೆ ನಿಂತಿತು. ಆತ ಮಗಳ ಕಡೆ ನೋಡಲಿಲ್ಲ. ಪೆಟ್ಟಿಗೆ ನಿಂತದ್ದನ್ನು ಕೇಳಿಸಿಕೊಂಡು ಗರಿಗರಿ, "ಅವಳನ್ನ ಬಿಟ್ಟು ಹೋಗಿ ಸಾರ್," ಎಂದಳು.

ಹುಡುಗಿ ಒಳ್ಳೆಯವಳು. ಕಣ್ಣಲ್ಲಿ ಬೆಳಕಿತ್ತು. ಗರಿಗರಿ ಅವಳನ್ನು ಗಂಜಿ ಪಾತ್ರೆಯ ಎದುರು ನಿಲ್ಲಿಸಿ, "ಹೇಳು, ನಿನ್ನನ್ನ ಯಾಕೆ ಸೇರಿಸ್ಕೋಬಾರದು?" ಎಂದಳು. ಹುಡುಗಿ ಶುರು ಮಾಡಿದಳು. ಎರಡನೆಯ ವರ್ಷದ ಪರೀಕ್ಷೆಯಲ್ಲಿ ಪಕ್ಕದವಳ ಉತ್ತರ ನೋಡಿ ಬರೆದದ್ದನ್ನು ತೆಗೆದು, ಅದರ ಮೇಲೆ ವಾದವನ್ನು ಚೆನ್ನಾಗಿಯೇ ಕಟ್ಟಿದಳು. ಕಣ್ಣು ಮುಚ್ಚಿದ್ದರೆ ಹಿಂದೆ ಕಟಕಟೆಯಲ್ಲಿ ನಿಂತವಳ ದನಿಯೇ ಅನ್ನಬಹುದಿತ್ತು.

"ಚೆನ್ನಾಗಿ ಹೇಳಿದೆ," ಎಂದಳು ಗರಿಗರಿ. "ಈಗ ಕೆಡಿಸು."

"ಏನಕ್ಕ?"

"ಆ ಪರೀಕ್ಷೆ ಮಾತು ನುಂಗ್ಬಿಡು. ನನ್ನ ಹತ್ತಿರಾನೂ ಹೇಳಬಾರದಾಗಿತ್ತು. ಏನು ಇಷ್ಟ ನಿಂಗೆ, ನಿದ್ದೆಯಾ, ಹರಟೆಯಾ?"

"ಹರಟೆ."

"ಅದನ್ನ ಹೇಳು. 'ಈ ಅಭ್ಯರ್ಥಿ ಮಾತು ನಿಲ್ಲಿಸೋದಿಲ್ಲ.' ನಿಮ್ಮಪ್ಪ ಎದ್ದು, 'ಮಾತಿಗೇ ತಾನೆ ನಾವು ಶುಲ್ಕ ತಗೊಳ್ಳೋದು' ಅಂತಾರೆ. ಎಲ್ಲರೂ ನಗ್ತಾರೆ. ನೀನೂ ನಗು, ತಲೆ ತಗ್ಗಿಸಿ ನಗು. ಬೆನ್ನು ಅಷ್ಟು ನೆಟ್ಟಗೆ ಇಟ್ಕೋಬೇಡ. ಹೂಂ, ಇನ್ನೊಂದ್ಸಲ."

ಹುಡುಗಿ ಹೇಳಿದಳು. ಸಾಲದು ಎಂದಳು ಇವಳು. ಮತ್ತೆ ಹೇಳಿದಳು. ಪ್ರತಿ ಸಲವೂ ವಾದ ಸ್ವಲ್ಪ ಸ್ವಲ್ಪ ಸಾಯುತ್ತ ಬಂತು. ಕೊನೆಗೆ ಹುಡುಗಿಯೇ ತಡೆಯಲಾರದೆ, "ಅಕ್ಕ, ಇದು ಮೋಸ ಆಗಲ್ವಾ?" ಎಂದು ಕೇಳಿದಳು.

"ಇಲ್ಲ," ಎಂದಳು ಗರಿಗರಿ. "ಇದೇ ಅರ್ಹತೆ."

ಹುಡುಗಿಗೆ ಪ್ರವೇಶ ಸಿಕ್ಕಿತು. ಇಡೀ ಕೋಣೆ ನಕ್ಕಿತಂತೆ. ತರಬೇತಿ ಮುಗಿಸಿ ಅವಳು ವಕೀಲಿಯಾದ ವಾರ ನಾನು ಅಂಗಿ ತರಲು ಅಂಗಡಿಗೆ ಹೋಗಿದ್ದೆ. ಕನ್ನಡಕದ ವಕೀಲರ ಗುಮಾಸ್ತ ಬಟ್ಟೆಯ ಗಂಟು ತಂದಿದ್ದ. ಗಂಟಿನ ಮೇಲೆಯೇ ಒಂದು ಹೊಸ ಕೋಟು, ಹೆಣ್ಣುಮಕ್ಕಳ ಅಳತೆಯದು. ತಂದೆ ಅದನ್ನು ಎತ್ತಿ ಒಳಗೆ ಕೊಟ್ಟ. ಗರಿಗರಿ ಅದನ್ನು ಬೆಳಕಿಗೆ ಹಿಡಿದಳು.

ಹೊಸ ಕೋಟಿನ ಜೇಬುಗಳ ಬಾಯನ್ನು ದರ್ಜಿ ನೂಲಿನಿಂದ ಹೊಲಿದಿರುತ್ತಾನೆ. ಎಷ್ಟೋ ಜನ ಅದನ್ನು ತಿಂಗಳುಗಟ್ಟಲೆ ಬಿಚ್ಚುವುದೇ ಇಲ್ಲ. ಈ ಕೋಟಿನದನ್ನು ಆಗಲೇ ಕತ್ತರಿಸಿದ್ದರು. ಕತ್ತರಿಸಿದ ನೂಲು ಅಂಚಿನಲ್ಲಿ ಇನ್ನೂ ಹಾಗೆಯೇ ಇತ್ತು. ಎರಡು ಜೇಬುಗಳೂ, ಒಮ್ಮೆಯೂ ಏನನ್ನೂ ಹಿಡಿಯದ ಬಿಳಿಯ ಜೇಬುಗಳು, ಪೂರ್ತಿ ಹೊರಗೆ ಎಳೆದಿದ್ದವು.

ಅತ್ತೆ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು, ಆ ಮನೆಗೆ ಬಂದ ಮೇಲೆ ಮೊದಲ ಸಲ, ಹೇಳದೆ ಮುಚ್ಚಿಕೊಂಡಳು. ಗರಿಗರಿ ನೂಲಿನ ತುಣುಕುಗಳನ್ನು ಒಂದೊಂದಾಗಿ ಕಿತ್ತಳು. ಕೋಟನ್ನು ಒಳಗೆ ನೆಲಕ್ಕೆ ಹಾಸಿದ್ದ ಕಂಬಳಿಯ ಮೇಲೆ ಹರಡಿ, ಆ ಎರಡು ನಾಲಿಗೆಗಳ ಮೇಲೆ ಪೆಟ್ಟಿಗೆಯನ್ನು ಒತ್ತಿ ಒತ್ತಿ ಎಳೆದಳು. ಅವು ಗರಿಗರಿಯಾದವು.